ಆಟದ ಉಡುಪು ದಿನಬಳಕೆಯ ಫ್ಯಾಷನ್ ಆಗಿದ್ದು ಯಾವಾಗ, ಹೇಗೆ?

ಜಿಮ್‌ಗಳು ಹೆಚ್ಚಾದ ಮೇಲೆ ಬಂದ ಶೋಕಿ ಅಂತ ಹಲವರು ಅಂದುಕೊಂಡಿದ್ದಾರೆ. ಅಲ್ಲ, ಇದಕ್ಕೆ ನೂರು ವರ್ಷ ದಾಟಿದೆ. ಮೂಲ ಇರುವುದು ಬಟ್ಟೆಯಲ್ಲಿ. ಮಾಮೂಲಿ ನೇಯ್ದ ಬಟ್ಟೆ ಎಳೆದರೆ ಅಷ್ಟಾಗಿ ಹಿಗ್ಗದು. ಜೆರ್ಸಿ ಎಂಬ ಬಟ್ಟೆ ಹೆಣೆದದ್ದು, ಅದರ ಕುಣಿಕೆಗಳು ಹಿಗ್ಗಿ ಮತ್ತೆ ಕುಗ್ಗುತ್ತವೆ. ಹೆಚ್ಚಾಗಿ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಈ ಬಟ್ಟೆಯನ್ನು 1910ರ ದಶಕದಲ್ಲಿ ಫ್ರಾನ್ಸಿನ ವಸ್ತ್ರ ವಿನ್ಯಾಸಕಿ ಕೊಕೊ ಶನೆಲ್ ಹೆಂಗಸರ ಹೊರಉಡುಪಿಗೆ ತಂದರು.

ಅದೇ ಕಾಲದ ಟೆನಿಸ್ ನೋಡಿ. ಉದ್ದ ತೋಳಿನ, ಗರಿಗರಿ ಅಂಗಿ ತೊಟ್ಟು ಆಡಬೇಕಿತ್ತು. 1926ರಲ್ಲಿ ಫ್ರಾನ್ಸಿನ ಆಟಗಾರ ರೆನೆ ಲಕೋಸ್ಟ್ ಗಿಡ್ಡ ತೋಳಿನ, ಪಿಕೆ ಎಂಬ ಉಬ್ಬುತಗ್ಗಿನ ಹೆಣಿಗೆಯ ಅಂಗಿಯಲ್ಲಿ ಅಂಗಳಕ್ಕಿಳಿದರು. 1933ರಲ್ಲಿ ಅದು ಮಾರಾಟಕ್ಕೂ ಬಂತು. ಇಂದಿನ ಪೋಲೊ ಶರ್ಟ್ ಇದೇ. ಕೆಲವು ಪೋಲೊಗಳ ಹಿಂಭಾಗ ಮುಂಭಾಗಕ್ಕಿಂತ ಉದ್ದ ಇರುತ್ತದಲ್ಲ, ಅದು ಹೊಲಿದವರ ತಪ್ಪಲ್ಲ: ಬಗ್ಗಿದಾಗ ಅಂಗಿ ಪ್ಯಾಂಟಿನಿಂದ ಹೊರಬರದಿರಲಿ ಅಂತ. ಸ್ವೆಟ್‌ಶರ್ಟ್ ಕತ್ತಿನ ಕೆಳಗಿನ V ತುಂಡಿಗೂ ಕೆಲಸವಿತ್ತು, ಬೆವರು ಹೀರುವುದು ಮತ್ತು ಕತ್ತಿನ ಪಟ್ಟಿ ಸಡಿಲಾಗದಂತೆ ಹಿಡಿಯುವುದು. ಈಗ ಎಷ್ಟೋ ಕಡೆ ಬರೀ ಅಲಂಕಾರದ ಹೊಲಿಗೆ.

ಮುಂದಿನದು ಬೇಗ ನಡೆಯಿತು. 1958ರಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡುಪಾಂಟ್‌ನ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಕೃತಕ ನೂಲು ರೂಪಿಸಿದರು, 1980ರ ದಶಕದಲ್ಲಿ ಅಮೆರಿಕದ ರನ್ ಡಿಎಂಸಿ ಎಂಬ ಹಿಪ್‌ಹಾಪ್ ಸಂಗೀತ ತಂಡ ಅಡಿಡಾಸ್ ಶೂಗಳನ್ನು ಲೇಸಿಲ್ಲದೆ ತೊಟ್ಟು ಬೀದಿ ಫ್ಯಾಷನ್ ಮಾಡಿತು. ನನ್ನ ಮಟ್ಟಿಗೆ ನಿಜವಾದ ತಿರುವು ಸ್ಪ್ಯಾಂಡೆಕ್ಸ್. ಅದಿಲ್ಲದೆ ಇಂದಿನ ಲೆಗ್ಗಿಂಗ್ಸ್ ಇಲ್ಲ. ಅದಕ್ಕೆ ಬಿಸಿ ಮಾತ್ರ ಆಗದು: ಡ್ರೈಯರ್‌ನ ಜೋರು ಶಾಖಕ್ಕೆ ಎಳೆಗಳು ಬಿಗುವು ಕಳೆದುಕೊಂಡು, ಲೆಗ್ಗಿಂಗ್ಸ್ ಮಂಡಿಯ ಬಳಿ ಜೋತುಬೀಳುತ್ತದೆ.