ಇಳಕಲ್ ನೇಕಾರರು ಎರಡನೇ ಸಭೆಗೆ ಬರ್ತಿಲ್ಲ ಅಂದ್ರೆ

ಮಗ್ಗ ರಿಪೇರಿಗೆ ಜನರನ್ನು ಕರೆಸುವ ಆ್ಯಪ್ ಮಾಡ್ತಿದ್ದೀರಿ, ಅದನ್ನು ಪರೀಕ್ಷಿಸೋಕೆ ಕರೆದ ಎರಡನೇ ಸಭೆಗೆ ನೇಕಾರರು ಬರ್ತಿಲ್ಲ ಅಂದಿರಿ. ಅದು ಆ್ಯಪ್‌ನ ತಪ್ಪಲ್ಲ, ಬಹುಶಃ ಕೂಲಿಯೇ ಕಾರಣ. ಇಳಕಲ್‌ನಲ್ಲಿ ದುಡಿಮೆ ಸೀರೆ ಲೆಕ್ಕದ್ದು. ಮಗ್ಗ ಬಿಟ್ಟು ಸಭೆಗೆ ಬಂದರೆ ಆ ಹೊತ್ತಿನ ದುಡ್ಡು ಹೋಯ್ತು. ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನೇಕಾರರ ಜೊತೆ ನಮಗೂ ಹೀಗೇ ಆಗಿತ್ತು.

ಸಭಾಂಗಣ ಬಿಡಿ. ಲಿವಿಂಗ್ ಲ್ಯಾಬ್ (ಬಳಸುವವರ ಜೊತೆ ಅವರ ಜಾಗದಲ್ಲೇ ಪರೀಕ್ಷಿಸಿ ತಿದ್ದುವ ವಿಧಾನ) ಅಂದ ಮೇಲೆ ಪರೀಕ್ಷೆ ಮಗ್ಗದ ಪಕ್ಕದಲ್ಲೇ ಆಗಬೇಕು ಅಲ್ವಾ? ಮೊದಲು ಐದಾರು ಮನೆ ಆರಿಸಿ, ಅವರು ಕೊಡುವ ಹೊತ್ತಿಗೆ ಕೂಲಿ ಮಾತಾಡಿ. ಆಮೇಲೆ ಸುಮ್ನೆ ಕೂತು ನೋಡಿ: ಮಗ್ಗ ಕೆಟ್ಟಾಗ ಮೊದಲ ಫೋನ್ ಯಾರಿಗೆ ಹೋಗುತ್ತದೆ? ಕಂಡಿಕೆಗೆ (ಲಾಳಿಯೊಳಗಿನ ನೂಲಿನ ಕಡ್ಡಿ) ನೂಲು ಸುತ್ತುವ ಹೆಣ್ಣುಮಕ್ಕಳನ್ನೂ ಕೇಳಿ, ಸಭೆಯಲ್ಲಿ ಅವರು ಬಾಯಿ ಬಿಡೋದು ಕಡಿಮೆ. ನಂತರ ಆ್ಯಪ್ ಕೈಗೆ ಕೊಡಿ, ಹೇಳಿಕೊಡಬೇಡಿ. ತಡವರಿಸಿದ ಕಡೆ ತಿದ್ದಿ, ಅದೇ ಮನೆಗೆ ಮತ್ತೆ ತೋರಿಸಿ.

ಮಾಲೀಕರ ಮಗ್ಗದಲ್ಲಿ ನೇಯುವವರ ಹತ್ತಿರ ಇದು ನಡೆಯುತ್ತೋ ಖಾತ್ರಿ ಇಲ್ಲ. ಅಲ್ಲಿ ಮೊದಲು ಮಾಲೀಕರನ್ನೇ ಮಾತಾಡಿಸಿ.