ಕುಗ್ಗಿದವರಿಗೆ ಭರವಸೆ ತುಂಬುವ ಕನ್ನಡ ಹಾಡುಗಳು ಯಾವುವು? ಹಾಡಿನಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?

ಮಳೆಯಲ್ಲಿ ತೋಟ ಕಳೆದುಕೊಂಡವರು, ಕೆಲಸ ಹೋಗಿ ಮನೆಯಲ್ಲಿ ಕುಳಿತವರು ಇರುವ ನಿಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಹಾಡಲು ಕೆಲವು ಕನ್ನಡ ಹಾಡುಗಳು ಬೇಕೆಂದು ಕೇಳಿದ್ದೀರಿ. ಅದರೊಂದಿಗೆ, ಹಾಡಿನಿಂದ ಇಂಥವರಿಗೆ ಏನಾದರೂ ಆದೀತೇ ಎಂಬ ಸಂದೇಹವನ್ನೂ ಬರೆದಿದ್ದೀರಿ. ನಾನು ಅಂಕೋಲಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ, ಸಂಜೆ ಹೊತ್ತು ಊರಿನ ಹೆಂಗಸರ ಭಜನಾ ತಂಡದೊಂದಿಗೆ ಹಾಡುತ್ತೇನೆ. ಆ ಅನುಭವದಿಂದ ಹೇಳುವುದಾದರೆ, ಹಾಡಿನಿಂದ ಆಗುತ್ತದೆ. ಆದರೆ ಹಾಡು ಕಷ್ಟವನ್ನು ಕಷ್ಟವೆಂದೇ ಒಪ್ಪಿಕೊಂಡಿರಬೇಕು, ಮತ್ತು ಕುಗ್ಗಿದವರು ಅದನ್ನು ಸುಮ್ಮನೆ ಕೇಳುವ ಬದಲು ತಮ್ಮ ಬಾಯಿಂದಲೇ ಹಾಡಬೇಕು. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹಾಡುಗಳನ್ನು ಹೇಳುತ್ತಿದ್ದೇನೆ.

ನಾನು ಮೊದಲಿಗೆ ಹೆಸರಿಸುವುದು ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ಎಂಬ ಕೀರ್ತನೆಯನ್ನು. ಇದು ಎಲ್ಲರಿಗೂ ಗೊತ್ತಿರುವ ಹಾಡು. ಗೊತ್ತಿರುವುದರಿಂದಲೇ ಅದರ ಕಟ್ಟಡದ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಇಲ್ಲಿ ದಾಸರು ಎದುರಿಗೆ ಕುಳಿತವರಿಗೆ ಬುದ್ಧಿ ಹೇಳುತ್ತಿಲ್ಲ, ತಲ್ಲಣಿಸುತ್ತಿರುವ ತಮ್ಮ ಮನಸ್ಸಿಗೇ ಸಮಾಧಾನ ಹೇಳಿಕೊಳ್ಳುತ್ತಿದ್ದಾರೆ. ಆದ್ದರಿಂದ ಹಾಡುವವನೂ ಕೇಳುವವನೂ ಒಂದೇ ಸಾಲಿನಲ್ಲಿ ಕುಳಿತಂತಾಗುತ್ತದೆ, ‘ನಿನಗೇನು ಗೊತ್ತು ನನ್ನ ಕಷ್ಟ’ ಎಂದು ಯಾರೂ ಕೇಳುವ ಹಾಗಿರುವುದಿಲ್ಲ. ಆಮೇಲೆ ಒಂದೊಂದು ನುಡಿಗೂ ಒಂದೊಂದು ಪ್ರಶ್ನೆ ಬರುತ್ತದೆ: ಬೆಟ್ಟದ ತುದಿಯಲ್ಲಿ ಹುಟ್ಟಿದ ವೃಕ್ಷಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು, ಅಡವಿಯ ಮೃಗಪಕ್ಷಿಗಳಿಗೆ ಅಡಿಗಡಿಗೆ ಆಹಾರ ಕೊಟ್ಟವರು ಯಾರು, ಕಲ್ಲಿನಲ್ಲಿ ಹುಟ್ಟಿ ಕೂಗುವ ಕಪ್ಪೆಗೆ ಉಣಿಸು ತಂದಿತ್ತವರು ಯಾರು. ಪ್ರಶ್ನೆಯನ್ನು ಒಬ್ಬರು ಹಾಡಿ, ‘ಇದಕೆ ಸಂಶಯವಿಲ್ಲ’ ಎಂಬ ಉತ್ತರವನ್ನು ಉಳಿದವರೆಲ್ಲ ಸೇರಿ ಹಾಡಿದಾಗ, ಬಾಯಿ ಬಿಡದೆ ಕುಳಿತಿದ್ದವರೂ ಎರಡನೆಯ ನುಡಿಯ ಹೊತ್ತಿಗೆ ತುಟಿ ಅಲುಗಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ದೇವರಲ್ಲಿ ನಂಬಿಕೆಯಿಲ್ಲದವರು ನಿಮ್ಮ ಸಂಘದಲ್ಲಿದ್ದರೂ ಅವರಿಗೆ ಮರ, ಹಕ್ಕಿ, ಕಪ್ಪೆಗಳು ಸಾಕು. ನಮ್ಮ ಮಲೆನಾಡಿನ ಅಂಚಿನ ಊರುಗಳಲ್ಲಿ ಈ ಮೂರನ್ನೂ ಬಾಗಿಲಲ್ಲಿ ನಿಂತೇ ನೋಡಬಹುದು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಳ್ಳೆಯ ಹಾಡಿಗೂ ಹೊತ್ತುಗೊತ್ತು ಇರುತ್ತದೆ. 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿ ನದಿಗೆ ನುಗ್ಗಿ, ಆಚೆ ದಡದ ಉಳುವರೆಯ ಮನೆಗಳೂ ಕೊಚ್ಚಿಹೋದವು. ಆ ದಿನಗಳಲ್ಲಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಬೆಟ್ಟದ ತುದಿಯ ವೃಕ್ಷದ ಹಾಡನ್ನು ಹಾಡಿಸುವುದು ಬೇಡವೆಂದು ನಾವು ಶಿಕ್ಷಕರು ತೀರ್ಮಾನಿಸಿದೆವು, ಏಕೆಂದರೆ ಆ ಬೆಟ್ಟವೇ ಕುಸಿದು ಬಂದದ್ದನ್ನು ಮಕ್ಕಳು ಆಗಷ್ಟೇ ಕೇಳಿದ್ದರು. ಅಕ್ಕಮಹಾದೇವಿಯ ‘ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದಡೆಂತಯ್ಯಾ’ ಎಂಬ ವಚನ ನನಗೆ ಪ್ರಾಣಕ್ಕೆ ಸಮಾನ; ಸ್ತುತಿ ನಿಂದೆಗಳು ಬಂದಾಗ ಸಮಾಧಾನಿಯಾಗಿರಬೇಕೆಂದು ಹೇಳುವ ಆ ವಚನದ ಮುಂದೆ ನಿಂತಾಗಲೆಲ್ಲ ಬೆನ್ನು ನೆಟ್ಟಗಾಗುತ್ತದೆ. ಆದರೆ ನಿನ್ನೆಯಷ್ಟೇ ಮನೆ ಕಳೆದುಕೊಂಡವರ ಎದುರು ಅದನ್ನು ಹಾಡಿದರೆ ‘ಹೊಳೆಯ ದಡದಲ್ಲಿ ಮನೆ ಕಟ್ಟಿ ಈಗ ಅಳುವುದೇಕೆ’ ಎಂದು ಗದರಿದಂತೆ ಕೇಳಿಸೀತು. ಮೊದಲ ದಿನಗಳಲ್ಲಿ ಬೇಕಾದದ್ದು ಅಕ್ಕಿ, ಹೊದಿಕೆ, ಪಕ್ಕದಲ್ಲಿ ಕುಳಿತುಕೊಳ್ಳುವ ಜನ. ಧೈರ್ಯದ ಹಾಡು ಅದಾದ ಮೇಲೆ ಬರಬೇಕು. ನಿಮ್ಮ ಸಂಘದಲ್ಲಿ ಯಾರ ಗಾಯ ಎಷ್ಟು ಹಸಿಯಾಗಿದೆ ಎಂಬುದು ನಿಮಗೇ ಗೊತ್ತಿರುವುದರಿಂದ ಹಾಡಿನ ಆಯ್ಕೆಯನ್ನು ಕೊನೆಗೆ ನೀವೇ ಮಾಡಬೇಕು.

ಹಾಡಿನಿಂದ ಏನಾಗುತ್ತದೆ ಎಂಬ ನಿಮ್ಮ ಸಂದೇಹಕ್ಕೆ ನಮ್ಮ ಜಿಲ್ಲೆಯಲ್ಲಿ ಸಿಗುವ ದೊಡ್ಡ ಉತ್ತರ ಸುಕ್ರಿ ಬೊಮ್ಮಗೌಡರದು. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಈ ಹಾಲಕ್ಕಿ ಒಕ್ಕಲು ಹೆಣ್ಣುಮಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಡುಗಳು ಅವರಿಗೆ ಹಿರಿಯ ಹೆಂಗಸರ ಬಾಯಿಂದ ಬಂದವು. ಗದ್ದೆಯ ನಾಟಿಗೆ, ಮದುವೆಗೆ, ತೊಟ್ಟಿಲಿಗೆ, ಹಬ್ಬಕ್ಕೆ ಬೇರೆ ಬೇರೆ ಹಾಡುಗಳಿರುವ ಆ ಪರಂಪರೆಯನ್ನು ನೆನಪಿನಲ್ಲೇ ಹೊತ್ತುಕೊಂಡಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಪ್ರಶಸ್ತಿಯ ವಿಷಯವನ್ನು ಎಲ್ಲರೂ ಹೇಳುತ್ತಾರೆ. ನಾನು ನಿಮಗೆ ಹೇಳಬೇಕೆಂದಿರುವುದು, ಕುಡಿತ ಮನೆಯನ್ನು ಏನು ಮಾಡುತ್ತದೆ ಎಂಬುದನ್ನು ತಮ್ಮ ಮನೆಯಲ್ಲೇ ಕಂಡುಂಡ ಆ ಹೆಂಗಸು ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ನಿಂತದ್ದು. ಜೊತೆಯಾಗಿ ನಾಟಿ ನೆಟ್ಟು, ಜೊತೆಯಾಗಿ ಹಾಡಿ ರೂಢಿಯಿದ್ದವರಿಗೆ ಜೊತೆಯಾಗಿ ಹೋಗಿ ಸಾರಾಯಿ ಅಂಗಡಿಯ ಎದುರು ನಿಲ್ಲುವುದು ತೀರ ಹೊಸ ಕೆಲಸವಾಗಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಒಬ್ಬಿಬ್ಬರು ಎತ್ತಿಕೊಡುವ ಸೊಲ್ಲನ್ನು ಉಳಿದವರು ಹಿಂದೆ ಹೇಳುವ ಆ ಕ್ರಮದಲ್ಲಿ, ಒಬ್ಬಳ ಉಸಿರು ಮುಗಿದಲ್ಲಿ ಇನ್ನೊಬ್ಬಳು ಹಿಡಿದುಕೊಳ್ಳುತ್ತಾಳೆ, ಹಾಡು ಎಲ್ಲಿಯೂ ಕಡಿದುಹೋಗುವುದಿಲ್ಲ. ದುಃಖದಲ್ಲಿರುವವರಿಗೆ ಬೇಕಾದ ಭರವಸೆಯೂ ಇಂಥದೇ ಅಲ್ಲವೇ? ನಾನು ನಿಲ್ಲಿಸಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ ಎಂಬ ನೆಚ್ಚಿಕೆಯನ್ನು ಭಾಷಣದಿಂದ ಕೊಡಲಾಗುವುದಿಲ್ಲ, ಅದನ್ನು ಮಾಡಿಯೇ ತೋರಿಸಬೇಕಾಗುತ್ತದೆ.

ಹೀಗಾಗಿ ನಿಮ್ಮ ಊರಿನಲ್ಲಿ ನಾಟಿ ಹಾಡು, ಬೀಸುವ ಹಾಡು ಬಲ್ಲ ಅಜ್ಜಿಯೊಬ್ಬರಿದ್ದರೆ ಮುದ್ರಿತ ಪುಸ್ತಕಕ್ಕಿಂತ ಮೊದಲು ಅವರ ಬಳಿಗೆ ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಅಂಥವರು ಇಲ್ಲದಿದ್ದರೆ ಎಲ್.ಆರ್. ಹೆಗಡೆ, ಎನ್.ಆರ್. ನಾಯಕ ಮೊದಲಾದ ವಿದ್ವಾಂಸರು ನಮ್ಮ ಜಿಲ್ಲೆಯ ಊರೂರು ಸುತ್ತಿ ಸಂಗ್ರಹಿಸಿದ ಜನಪದ ಗೀತೆಗಳು ಗ್ರಂಥಾಲಯಗಳಲ್ಲಿವೆ. ಅವುಗಳಲ್ಲಿ ಎಲ್ಲವೂ ಉತ್ಸಾಹದ ಹಾಡುಗಳಲ್ಲ, ತವರು ಬಿಟ್ಟ ದುಃಖ, ಬರಿಗೈಯ ದುಃಖ ಬೇಕಾದಷ್ಟಿದೆ. ಅವುಗಳನ್ನು ಬಿಟ್ಟುಬಿಡಬೇಡಿ. ಅತ್ತು ಹಗುರಾದವರೇ ಮುಂದಿನ ಹಾಡನ್ನು ಗಟ್ಟಿಯಾಗಿ ಹಾಡುತ್ತಾರೆ.

ಬರೆದ ಕವಿತೆಗಳಲ್ಲಿ ನಾನು ಬಹಳ ಪ್ರೀತಿಸುವುದು ನಮ್ಮ ತಾಲ್ಲೂಕಿನವರೇ ಆದ ದಿನಕರ ದೇಸಾಯಿಯವರ ‘ನನ್ನ ದೇಹದ ಬೂದಿ’. ಹೆಸರು ಕೇಳಿ ಇದು ಸಾವಿನ ಪದ್ಯ, ಸಂಘದ ಸಭೆಗೆ ತಕ್ಕದ್ದಲ್ಲ ಎಂದುಕೊಳ್ಳಬೇಡಿ. ತನ್ನ ಬೂದಿಯನ್ನು ಗಾಳಿಯಲ್ಲಿ ತೂರಿದರೆ ಅದು ಭತ್ತ ಬೆಳೆಯುವಲ್ಲಿ ಬಿದ್ದು ಒಂದು ತೆನೆಯಾದರೂ ಏಳಲಿ, ಹೊಳೆಯಲ್ಲಿ ಬಿಟ್ಟರೆ ಮೀನಿಗೆ ಆಹಾರವಾಗಲಿ, ಕೊಳದಲ್ಲಿ ಬೀರಿದರೆ ತಾವರೆಗೆ ಸಲ್ಲಲಿ ಎಂದು ಕವಿ ಬೇಡುತ್ತಾರೆ. ಅನ್ನ ಮತ್ತು ಮೀನು ಕರಾವಳಿಯ ಬಡವನ ತಟ್ಟೆಯಲ್ಲಿರುವ ಎರಡು ವಸ್ತುಗಳು. ಕವಿ ತನ್ನ ಮರಣವನ್ನು ಆ ತಟ್ಟೆಯವರೆಗೆ ತಂದು ನಿಲ್ಲಿಸುತ್ತಾರೆ. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ದೇಸಾಯಿಯವರು ಗೇಣಿದಾರ ರೈತರನ್ನು ಸಂಘಟಿಸಿದವರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ತಂದವರು, ಮುಂದೆ ಲೋಕಸಭೆಯಲ್ಲಿ ಜಿಲ್ಲೆಯನ್ನು ಪ್ರತಿನಿಧಿಸಿದವರು. ಬದುಕಿನಲ್ಲಿ ಮಾಡಿದ್ದನ್ನೇ ಬೂದಿಯಿಂದಲೂ ಮಾಡಿಸಲು ಹೊರಟ ಪದ್ಯವಾದ್ದರಿಂದ ಅದರ ಭರವಸೆ ಬಾಯಿಮಾತಿನದೆಂದು ನನಗೆ ಎಂದೂ ಅನ್ನಿಸಿಲ್ಲ. ‘ಇನ್ನು ನನ್ನಿಂದ ಯಾರಿಗೇನು ಉಪಯೋಗ’ ಎಂದು ಕೈಚೆಲ್ಲಿ ಕುಳಿತ ಹಿರಿಯರಿಗೆ ಈ ಪದ್ಯ ಮುಟ್ಟುವಷ್ಟು ಬೇರೆ ಯಾವುದೂ ಮುಟ್ಟುವುದಿಲ್ಲ. ಆದರೆ ತೀವ್ರ ನಿರಾಶೆಯಲ್ಲಿರುವ ಎಳೆಯರ ಮುಂದೆ ಇದನ್ನು ಹಾಡಬೇಡಿ. ಅವರಿಗೆ ಬದುಕಿನ ಕಡೆಗೆ ನೇರವಾಗಿ ಮುಖ ಮಾಡಿದ ಹಾಡುಗಳು ಬೇಕು.

ಅಂಥ ಎಳೆಯರಿಗೆ ನಾನು ರವೀಂದ್ರನಾಥ ಠಾಕೂರರ ‘ಏಕಲಾ ಚಲೋ ರೇ’ ಹಾಡನ್ನು ಕಲಿಸುತ್ತೇನೆ, ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಬಂಗಾಳದ ವಿಭಜನೆಯ ವಿರುದ್ಧ ಜನ ಎದ್ದ 1905ರಲ್ಲಿ ಬಂದ ಹಾಡದು. ನಿನ್ನ ಕರೆಗೆ ಯಾರೂ ಓಗೊಡದಿದ್ದರೆ ಒಬ್ಬನೇ ನಡೆ ಎಂದು ಹೇಳುವ ಆ ಹಾಡಿನಲ್ಲಿ, ಎಲ್ಲರೂ ಮುಖ ತಿರುಗಿಸುವ ಸಾಧ್ಯತೆಯನ್ನು ಮೊದಲೇ ಎಣಿಸಲಾಗಿದೆ; ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಉತ್ತರ ಬಾರದೆ ಸೋತ ಹುಡುಗನಿಗೆ ಇದು ತನ್ನದೇ ಕತೆಯೆಂದು ತೋರುತ್ತದೆ. ನಮ್ಮ ಮಕ್ಕಳಿಗೆ ಈ ಕವಿ ದೂರದವರೂ ಅಲ್ಲ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಇಲ್ಲಿ ಬಂದು ಉಳಿದರು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು, ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಲೋಕದ ಎಲ್ಲ ಮಮತೆಯನ್ನು ಕಡಿದುಕೊಳ್ಳಲು ಹೊರಟ ಸಂನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳು ಮತ್ತೆ ಮನುಷ್ಯರ ನಡುವೆ ಕರೆತರುವ ಕತೆ ಅದು. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರಿದೆ. ಒಬ್ಬನೇ ನಡೆ ಎಂದವನು ಒಂಟಿತನವನ್ನು ಹೊಗಳುವವನಲ್ಲ ಎಂಬುದನ್ನು ಮಕ್ಕಳಿಗೆ ವಿವರಿಸಲು ನನಗೆ ಈ ಕಾರವಾರದ ನಾಟಕ ಬಹಳ ನೆರವಾಗಿದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಪುರಂದರದಾಸರ ‘ಈಸಬೇಕು ಇದ್ದು ಜೈಸಬೇಕು’ ಹಾಡಿನ ಮೊದಲ ಸಾಲನ್ನಷ್ಟೇ ಹೇಳಿ ಬಿಡುವ ರೂಢಿಯಿದೆ. ಪೂರ್ತಿ ಹಾಡಿ, ಗೇರುಹಣ್ಣಿನಲ್ಲಿ ಬೀಜ ಸೇರಿದಂತೆ ಎಂಬ ನುಡಿ ಬಂದಾಗ ಗೇರುಗುಡ್ಡಗಳ ನಡುವೆ ಬದುಕುವ ನಮ್ಮವರು ವಿವರಣೆಯಿಲ್ಲದೆಯೇ ತಲೆದೂಗುತ್ತಾರೆ. ಕುವೆಂಪು ಅವರ ‘ದೋಣಿ ಸಾಗಲಿ’ ಕವಿತೆ 1965ರ ‘ಮಿಸ್ ಲೀಲಾವತಿ’ ಚಿತ್ರದಿಂದಾಗಿ ಮನೆಮಾತಾಗಿದೆ, ಅದರ ಲಯಕ್ಕೆ ಹುಟ್ಟು ಹಾಕುವ ಗತಿಯಿರುವುದರಿಂದ ಗುಂಪಿಗೆ ಬೇಗ ಒಗ್ಗುತ್ತದೆ. 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ‘ಆಗದು ಎಂದು’ ಹಾಡನ್ನು ಯಾರಿಗೂ ಕಲಿಸಬೇಕಾಗಿಲ್ಲ. ಕೈಕಟ್ಟಿ ಕೂರಬೇಡ ಎಂದು ಬರಿದೆ ಹೇಳದೆ ವಿಶ್ವೇಶ್ವರಯ್ಯನವರನ್ನೂ ಕನ್ನಂಬಾಡಿಯನ್ನೂ ತೋರಿಸುವುದು ಅದರ ಗುಣ. ಆದರೆ ಕೈತುಂಬ ಕೆಲಸ ಮಾಡಿಯೂ ನಷ್ಟ ಅನುಭವಿಸಿದ ರೈತರ ಸಭೆಯಲ್ಲಿ ಅದನ್ನು ಮೊದಲ ಹಾಡಾಗಿ ಇಡದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಾಡುವುದರಿಂದ ದೇಹದಲ್ಲಿ ಆಗುವುದು ನಿಗೂಢವೇನೂ ಅಲ್ಲ. ಹಾಡುವಾಗ ಉಸಿರನ್ನು ಬೇಗ ಒಳಗೆಳೆದುಕೊಂಡು ಸಾಲಿನುದ್ದಕ್ಕೂ ನಿಧಾನವಾಗಿ ಹೊರಗೆ ಬಿಡಬೇಕಾಗುತ್ತದೆ. ಉಸಿರನ್ನು ಹೀಗೆ ದೀರ್ಘವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಭುಜದ ಬಿಗುವು ಸಡಿಲುತ್ತದೆ. ಹಲವರು ಒಂದೇ ತಾಳದಲ್ಲಿ ಹಾಡಿದಾಗ ಎಲ್ಲರ ಉಸಿರೂ ಒಂದೇ ಗತಿಗೆ ಬರುತ್ತದೆ. ಕಿವಿಗೆ ಮೊಬೈಲ್ ಸಿಕ್ಕಿಸಿಕೊಂಡು ಒಬ್ಬರೇ ಕೇಳುವುದರಿಂದ ಇದರಲ್ಲಿ ಸ್ವಲ್ಪವಷ್ಟೇ ದೊರೆಯುತ್ತದೆ. ಹಾಗೆಂದು ಹಾಡು ಔಷಧದ ಜಾಗವನ್ನು ತುಂಬಲಾರದು. ಯಾರಾದರೂ ದಿನಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಆಡಿದ್ದರೆ, ತಡ ಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಎಲ್ಲ ಹೊತ್ತಿನಲ್ಲೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅಂಥವರನ್ನೂ ಹಾಡಿನ ಸಭೆಗೆ ಕರೆಯಿರಿ, ಆದರೆ ಆ ಕರೆ ಮಾಡಿದ ನಂತರ.

ಆರಂಭಕ್ಕೆ ಒಂದು ಸಭೆಗೆ ಒಂದೇ ಹಾಡನ್ನು ಇಟ್ಟುಕೊಳ್ಳಿ. ‘ತಲ್ಲಣಿಸದಿರು’ ಹಾಡಿನಿಂದ ಶುರು ಮಾಡುವುದಾದರೆ, ಚೆನ್ನಾಗಿ ಹಾಡುವವರ ಶ್ರುತಿಗಿಂತ ತಗ್ಗಿಸಿ ಹಿಡಿಯಿರಿ, ಇಲ್ಲವಾದರೆ ದನಿ ಏರದವರು ಎರಡನೆಯ ಸಾಲಿಗೇ ಸುಮ್ಮನಾಗುತ್ತಾರೆ. ಹಾರ್ಮೋನಿಯಂ ಇಲ್ಲದಿದ್ದರೂ ನಡೆಯುತ್ತದೆ, ತಾಳ ಒಂದಿದ್ದರೆ ಸಾಕು. ಸಾಹಿತ್ಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಓದಲು ಬಾರದವರ ಪಕ್ಕದಲ್ಲಿ ಓದಬಲ್ಲವರನ್ನು ಕೂರಿಸಿ. ಪ್ರಶ್ನೆಯ ಸಾಲನ್ನು ಪ್ರತಿ ಸಲ ಬೇರೆ ಬೇರೆಯವರಿಗೆ ಕೊಡಿ. ಕುಗ್ಗಿ ಕುಳಿತಿರುವವರಿಗೆ ಮೊದಲ ಸಭೆಯಲ್ಲಿ ಕೊಡಬೇಡಿ, ಅವರಾಗಿ ಕೇಳಿದ ದಿನ ತಪ್ಪದೆ ಕೊಡಿ.