ಸೆಮಿಗ್ರೂಪ್, ಮೋನಾಯ್ಡ್, ಗ್ರೂಪ್: ಇವುಗಳ ನಡುವೆ ಏನು ವ್ಯತ್ಯಾಸ?

ಮೊದಲು ಬೇಕಾಗಿರುವುದು ಎರಡೇ: ಒಂದು ಗಣ, ಒಂದು ಕ್ರಿಯೆ. ಗಣದಿಂದ ಯಾವ ಎರಡನ್ನು ತೆಗೆದುಕೊಂಡು ಕ್ರಿಯೆ ಮಾಡಿದರೂ ಉತ್ತರ ಅದೇ ಗಣದೊಳಗೆ ಇರಬೇಕು. ಇಷ್ಟಿದ್ದರೆ ಮ್ಯಾಗ್ಮಾ. ಪೂರ್ಣಾಂಕಗಳ ಕಳೆಯುವಿಕೆ ಇಲ್ಲೇ ನಿಂತುಬಿಡುತ್ತದೆ. (8−5)−2 ಅಂದರೆ 1, ಆದರೆ 8−(5−2) ಅಂದರೆ 5. ಆವರಣ ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಯಿತು, ಅಲ್ವಾ?

ಆವರಣ ಎಲ್ಲಿ ಹಾಕಿದರೂ ಉತ್ತರ ಒಂದೇ ಬಂದರೆ ಅದು ಸೆಮಿಗ್ರೂಪ್. 1, 2, 3… ಸಂಖ್ಯೆಗಳ ಕೂಡುವಿಕೆ ಹಾಗಿದೆ. ಅದಕ್ಕೆ 0 ಸೇರಿಸಿ. ಯಾವುದಕ್ಕೆ 0 ಕೂಡಿದರೂ ಅದು ಹಾಗೇ ಉಳಿಯುತ್ತದೆ. ಇಂಥ ಏಕಘಟಕ ಇದ್ದರೆ ಮೋನಾಯ್ಡ್.

ನನಗೆ ತುಂಬಾ ಇಷ್ಟವಾದ ಮೋನಾಯ್ಡ್ ಅಕ್ಷರಗಳದ್ದು. 'ಮಳೆ'ಗೆ 'ಬಿಲ್ಲು' ಜೋಡಿಸಿದರೆ 'ಮಳೆಬಿಲ್ಲು'. ತಿರುಗಿಸಿ ಜೋಡಿಸಿದರೆ 'ಬಿಲ್ಲುಮಳೆ', ಬೇರೆಯೇ ಪದ! ಅಂದರೆ ಕ್ರಮ ಬದಲಿಸುವಂತಿಲ್ಲ. ಖಾಲಿ ಪದವೇ ಇಲ್ಲಿ ಏಕಘಟಕ. ಆದರೆ 'ಮಳೆ'ಗೆ ಏನನ್ನು ಜೋಡಿಸಿದರೂ ಅದು ಮತ್ತೆ ಖಾಲಿಯಾಗುವುದಿಲ್ಲ. ಹಾಗಾಗಿ ಇದು ಗ್ರೂಪ್ ಅಲ್ಲ.

ಗ್ರೂಪ್ ಆಗಬೇಕಾದರೆ ಪ್ರತಿಯೊಂದಕ್ಕೂ ವಿಲೋಮ ಇರಬೇಕು, ಅಂದರೆ ಅದರ ಜೊತೆ ಕ್ರಿಯೆ ಮಾಡಿದರೆ ಏಕಘಟಕವೇ ಉತ್ತರವಾಗಿ ಬರುವಂಥ ಇನ್ನೊಂದು. ಪೂರ್ಣಾಂಕಗಳ ಕೂಡುವಿಕೆಯಲ್ಲಿ 7ಕ್ಕೆ −7 ಇದೆ, ಕೂಡಿದರೆ 0. ಅಲ್ಲಿ ಕ್ರಮ ಬದಲಿಸಿದರೂ ಉತ್ತರ ಅದೇ. ಅಂಥ ಗ್ರೂಪಿಗೆ ನಾರ್ವೆಯ ಗಣಿತಜ್ಞ ಆಬೆಲ್ ಹೆಸರಿನಿಂದ ಅಬೀಲಿಯನ್ ಗ್ರೂಪ್ ಅನ್ನುತ್ತಾರೆ.